ಒಂದು ಹೆಸರಿನ ಹಿಂದೆ ಆರು ಹಕ್ಕಿಗಳು!

ಮಲೆನಾಡಿನಲ್ಲಿ ಅತ್ತಿಯೋ ಬಸರಿಯೋ ಹಣ್ಣಾದಾಗ ಆ ಮರದ ಕೆಳಗೆ ನಿಂತು ನೋಡಿ. ಮೊದಲು ಏನೂ ಕಾಣುವುದಿಲ್ಲ. ಹಣ್ಣಿನ ಚೂರುಗಳು ಮಾತ್ರ ಟಪಟಪ ಉದುರುತ್ತವೆ. ಸ್ವಲ್ಪ ಹೊತ್ತಾದ ಮೇಲೆ ಎಲೆಯೆಂದುಕೊಂಡಿದ್ದೇ ಹಕ್ಕಿಯಾಗಿ ಕತ್ತು ಚಾಚುತ್ತದೆ. ಅದೇ ಹಸಿರು ಪಾರಿವಾಳ. ಕಾಳು ಹೆಕ್ಕುತ್ತಾ ಬಸ್ ನಿಲ್ದಾಣದಲ್ಲಿ ಓಡಾಡುವ ಪಾರಿವಾಳದ ಬಂಧುವೇ ಆದರೂ ಇದರ ಬದುಕು ಮರದ ಮೇಲೆ, ಊಟ ಹಣ್ಣು.

ನಮ್ಮ ಘಟ್ಟದ ಈ ಹಕ್ಕಿಗೆ ಸಾವಿರ ಕಿಲೋಮೀಟರಿಗೂ ಆಚೆ, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಒಬ್ಬ ದಾಯಾದಿ ಇದ್ದಾನೆ. ಎರಡರಲ್ಲೂ ಗಂಡಿನ ಬೆನ್ನು ಕಡುಗೆಂಪು, ಹೆಣ್ಣಿನದು ಹಸಿರು. ಹಾಗಾದರೆ ಇವೆರಡೂ ಒಂದೇ ಪ್ರಭೇದವೋ, ಬೇರೆ ಬೇರೆಯೋ? ಈ ಪ್ರಶ್ನೆಗೆ ವಿಜ್ಞಾನ ಒಂದೇ ಉತ್ತರಕ್ಕೆ ಅಂಟಿಕೊಂಡಿಲ್ಲ.

1840ರಲ್ಲಿ ಜೆರ್ಡಾನ್ ಘಟ್ಟದ ಹಕ್ಕಿಗೆ 'ಅಫಿನಿಸ್' ಎಂದು ಹೆಸರಿಟ್ಟರು. ಹಾಗೆಂದರೆ 'ಸಂಬಂಧಿ'. ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ 1845ರಲ್ಲಿ ದ್ವೀಪದ ಹಕ್ಕಿಯನ್ನು 'ಕ್ಲೋರಾಪ್ಟೆರಸ್' ಎಂದು ಕರೆದರು. ಅದರ ಅರ್ಥ 'ಹಸಿರು ರೆಕ್ಕೆಯದು'. ಮುಂದೆ ಬಂದ ತಜ್ಞರು ಇವುಗಳನ್ನೆಲ್ಲ ಶ್ರೀಲಂಕಾದ ಪಾಂಪಡೂರ್ ಹಸಿರು ಪಾರಿವಾಳದ ಉಪಪ್ರಭೇದಗಳೆಂದು ಒಂದೇ ಗಂಟು ಕಟ್ಟಿದರು. 2005ರಲ್ಲಿ ಪಮೇಲಾ ರಾಸ್‌ಮುಸೆನ್ ಮತ್ತು ಜಾನ್ ಆಂಡರ್ಟನ್ ಅವರ 'ಬರ್ಡ್ಸ್ ಆಫ್ ಸೌತ್ ಏಷ್ಯಾ' ಆ ಗಂಟನ್ನು ಬಿಚ್ಚಿತು. ಈಗಿನ ಪ್ರಮುಖ ಪಟ್ಟಿಗಳಲ್ಲಿ ಶ್ರೀಲಂಕಾ, ಪಶ್ಚಿಮ ಘಟ್ಟ, ಅಂಡಮಾನ್-ನಿಕೋಬಾರ್, ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗಿನ ಕಾಡು, ಫಿಲಿಪ್ಪೀನ್ಸ್, ಇಂಡೊನೇಷ್ಯಾದ ಬುರು ದ್ವೀಪ, ಹೀಗೆ ಆರು ಕಡೆಗೆ ಆರು ಪ್ರಭೇದಗಳು. ಹೊಸ ಹೆಸರು ಹುಡುಕುವ ಕೆಲಸವಿರಲಿಲ್ಲ. ಹಳೆಯ ಹೆಸರಿಗೇ ಮೊದಲ ಹಕ್ಕು ಎಂಬ ನಿಯಮದಂತೆ ಜೆರ್ಡಾನ್, ಬ್ಲೈತ್ ಇಟ್ಟ ಹೆಸರುಗಳೇ ಎದ್ದು ಬಂದವು.

ಗೊಂದಲ ಯಾಕೆ? ಎರಡು ಗುಂಪಿನ ಜೀವಿಗಳು ಸಹಜವಾಗಿ ಕೂಡಿ ಸಂತಾನ ಬೆಳೆಸಿದರೆ ಅವು ಒಂದೇ ಪ್ರಭೇದ ಎಂದು ಪಿಯುಸಿಯಲ್ಲೇ ಓದಿದ್ದೇವೆ. ಆದರೆ ನಡುವೆ ಸಮುದ್ರವಿದ್ದು ಹಕ್ಕಿಗಳು ಭೇಟಿಯೇ ಆಗದಿದ್ದರೆ ಪರೀಕ್ಷೆ ಮಾಡುವುದು ಹೇಗೆ? ಆಗ ಗಾತ್ರ, ಕೊಕ್ಕು, ಬಣ್ಣ, ಕೂಗು ಹೋಲಿಸಿ ತೀರ್ಮಾನಿಸಬೇಕು. ಅಂಡಮಾನಿನ ಹಕ್ಕಿ ಘಟ್ಟದ್ದಕ್ಕಿಂತ ದೊಡ್ಡದು, ಕೊಕ್ಕು ದಪ್ಪ. ಗಂಡಿನ ಬೆನ್ನು ಕೆಂಪಾದರೂ ಭುಜ ಹಸಿರು.

'ಹೆಸರಿನಲ್ಲೇನಿದೆ ಬಿಡಿ' ಎನ್ನುವಂತಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬಾಯಿಪಾಠ ಮಾಡುವ ಐಯುಸಿಎನ್ ಕೆಂಪು ಪಟ್ಟಿ ಮುಖ್ಯವಾಗಿ ಪ್ರಭೇದಗಳ ಲೆಕ್ಕದಲ್ಲೇ ನಡೆಯುತ್ತದೆ. ಆರೂ ಒಂದೇ ಎಂದಾಗ ಒಂದು ದ್ವೀಪದಲ್ಲಿ ಹಕ್ಕಿ ಕಡಿಮೆಯಾದರೂ ಏಷ್ಯಾದ ಒಟ್ಟು ಲೆಕ್ಕದಲ್ಲಿ ಅದು ಕಾಣದು. ಬೇರೆ ಪ್ರಭೇದವಾದ ಮೇಲೆ ಅಂಡಮಾನಿನ ಹಕ್ಕಿಯನ್ನು ಪ್ರತ್ಯೇಕವಾಗಿ ಅಳೆದು 'ನಿಯರ್ ಥ್ರೆಟನ್ಡ್' ಎಂದು ಗುರುತಿಸಲಾಯಿತು. ಅಂದರೆ ಅಪಾಯದ ಹೊಸ್ತಿಲಲ್ಲಿದೆ ಎಂದರ್ಥ. ಕಾಡು ಕಡಿದರೆ ವಲಸೆ ಹೋಗಲು ಅದಕ್ಕೆ ಇನ್ನೊಂದು ಘಟ್ಟವಿಲ್ಲ, ಸುತ್ತ ನೀರು.

ಹಾಗೆಂದು ಸಿಕ್ಕಿದ್ದನ್ನೆಲ್ಲ ಒಡೆದು ಹೊಸ ಪ್ರಭೇದ ಎನ್ನುವುದೂ ಸರಿಯಲ್ಲ. ಉಳಿಸಬೇಕೆಂಬ ಆಸೆ ಪುರಾವೆಯಾಗುವುದಿಲ್ಲ. ಪುರಾವೆ ಬರುವುದು ನೋಡಿದವರಿಂದ, ಕೂಗನ್ನು ದಾಖಲಿಸಿದವರಿಂದ. ಇದಕ್ಕೆ ಪ್ರಾಣಿಶಾಸ್ತ್ರದ ಪದವಿಯೇ ಬೇಕೆಂದಿಲ್ಲ. ಇ-ಬರ್ಡ್ ಆ್ಯಪ್‌ನಲ್ಲಿ ಊರು, ದಿನಾಂಕ, ಎಷ್ಟು ಹಕ್ಕಿ ಎಂದು ಯಾರು ಬೇಕಾದರೂ ಬರೆಯಬಹುದು. ಹಣ್ಣಾದ ಅತ್ತಿಮರ ಎಲ್ಲಿದೆ ಎಂಬುದು ನಿಮಗೆ ಗೊತ್ತಿರುವಷ್ಟು ಯಾವ ವಿಜ್ಞಾನಿಗೂ ಗೊತ್ತಿರಲಾರದು.