ರೆಕ್ಕೆಯಿಲ್ಲದೆ ಹಾರಿದವರು

ಇವರಿಗೆ ರೆಕ್ಕೆಯೇ ಇಲ್ಲ! ಐಹೊಳೆಯ ಮರಳುಗಲ್ಲಿನಲ್ಲಿ ಮೂಡಿದ ಗಂಧರ್ವ ದಂಪತಿಯನ್ನು ದಿಟ್ಟಿಸಿ ನೋಡಿ. ಏಳನೆಯ ಶತಮಾನದ ಆ ಜೋಡಿ ಈಗ ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮೊಣಕಾಲು ಮಡಿಚಿ ಪಾದ ಹಿಂದಕ್ಕೆ ಚಿಮ್ಮಿದೆ, ಮೈ ಓರೆಯಾಗಿ ಮುಂದಕ್ಕೆ ತೂರಿದೆ, ಉತ್ತರೀಯ ಬಿರುಗಾಳಿಗೆ ಸಿಕ್ಕ ಇಳಕಲ್ ಸೀರೆಯ ಸೆರಗಿನ ಹಾಗೆ ಬೆನ್ನ ಹಿಂದೆ ಪಟಪಟಿಸುತ್ತಿದೆ. ಅಷ್ಟೇ. ಹಾರಾಟಕ್ಕೆ ಅಷ್ಟು ಸಾಕೆಂದು ಚಾಲುಕ್ಯರ ಕಾಲದ ಆ ಶಿಲ್ಪಿಗೆ ಹೇಗೆ ಹೊಳೆಯಿತು!

ಕಾಲವನ್ನು ದಾಟಿ ಯುರೋಪಿಗೆ ಬನ್ನಿ. 1909ರ ಫೆಬ್ರುವರಿಯಲ್ಲಿ ಇಟಲಿಯ ಕವಿ ಮರಿನೆಟ್ಟಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಫ್ಯೂಚರಿಸಂ ಎಂಬ ಕಲಾಪಂಥದ ಪ್ರಣಾಳಿಕೆ ಪ್ರಕಟಿಸಿದ. ಗರ್ಜಿಸುವ ರೇಸ್ ಕಾರು ಲೂವ್ರ್ ಸಂಗ್ರಹಾಲಯದ ಗ್ರೀಕ್ ವಿಜಯದೇವತೆಗಿಂತ ಚೆಲುವು ಎಂದು ಸಾರಿದ. ಆ ದೇವತೆಗೆ ದೊಡ್ಡ ದೊಡ್ಡ ರೆಕ್ಕೆಗಳಿವೆ. ವೇಗದ ಎದುರು ಕಲ್ಲು ಸೋತಿತೆಂದು ಅವನು ತೀರ್ಮಾನಿಸಿದ್ದು ಆ ರೆಕ್ಕೆಯ ಕಲ್ಲನ್ನು ನೋಡಿ. ಮಲಪ್ರಭೆಯ ದಂಡೆಯ ಐಹೊಳೆಯ ಕಲ್ಲನ್ನು ನೋಡಿದ್ದರೆ?

ಅವನ ಬಳಗದವರು ಚಲನೆಯ ಬೆನ್ನು ಹತ್ತಿದರು. 1913ರಲ್ಲಿ ಬಾಲ್ಲಾ ಬಾನಾಡಿಗಳ ರೆಕ್ಕೆಯನ್ನು ಒಂದರ ಪಕ್ಕ ಒಂದರಂತೆ ಮತ್ತೆ ಮತ್ತೆ ಬರೆದು ಹಾರಾಟದ ಜಾಡನ್ನೇ ಚಿತ್ರವಾಗಿಸಿದ. ಅದೇ ವರ್ಷ ಬೊಚ್ಚೋನಿ ನಡೆಯುವ ಮನುಷ್ಯನ ಶಿಲ್ಪ ಮಾಡಿದ. ಅದರ ಮೀನಖಂಡದಿಂದ, ತೊಡೆಯಿಂದ ಗಾಳಿಯೇ ಗಟ್ಟಿಯಾದಂಥ ನಾಲಗೆಗಳು ಹಿಂದಕ್ಕೆ ಚಾಚುತ್ತವೆ. ನಮ್ಮ ಗಂಧರ್ವನ ಉತ್ತರೀಯ ಮಾಡುವ ಕೆಲಸವೂ ಅದೇ ಅಲ್ಲವೇ! ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ವೇಗವನ್ನು ಹಿಡಿಯಹೊರಟ ಕೈಗಳು ಒಂದೇ ಉಪಾಯಕ್ಕೆ ಬಂದು ಮುಟ್ಟಿದವು.

1929ರಲ್ಲಿ ಅದೇ ಬಳಗದಿಂದ ವಿಮಾನಚಿತ್ರಕಲೆಯ ಪ್ರಣಾಳಿಕೆಯೇ ಹೊರಬಂತು. ಮೇಲಿನಿಂದ ಕಂಡ ನೆಲ ಹಳೆಯ ನೆಲವಲ್ಲ ಎಂಬುದು ಅವರ ಉನ್ಮಾದ. ಯುದ್ಧವನ್ನು ಹಾಡಿಹೊಗಳಿದ ಆ ಪಂಥವನ್ನು ನಾನು ಒಪ್ಪಲಾರೆ. ಆದರೂ ಅದೇ ಪಂಥದ ತುಲ್ಲಿಯೊ ಕ್ರಾಲಿ 1939ರಲ್ಲಿ ಬರೆದ ಚಿತ್ರದ ಮುಂದೆ ಎದೆ ಧಸಕ್ಕೆನ್ನುತ್ತದೆ. ಪೈಲಟ್‌ನ ಬೆನ್ನ ಹಿಂದೆಯೇ ನಾವು ಕೂತಿದ್ದೇವೆ, ನಗರದ ಕಟ್ಟಡಗಳು ನಮ್ಮ ಮುಖಕ್ಕೇ ನುಗ್ಗುತ್ತಿವೆ!

ಕ್ರಾಲಿ ನಮ್ಮನ್ನು ಆಕಾಶಕ್ಕೆ ಒಯ್ದು ಕೆಳಗೆ ನೋಡಿಸಿದ. ಚಾಲುಕ್ಯ ಶಿಲ್ಪಿ ನಮ್ಮನ್ನು ನೆಲದ ಮೇಲೆಯೇ ನಿಲ್ಲಿಸಿ ಆಕಾಶವನ್ನು ಚಾವಣಿಗೆ ಇಳಿಸಿದ. ಐಹೊಳೆಯ ದುರ್ಗ ಗುಡಿಯ ಬಾಗಿಲವಾಡದ ಮೇಲೆ ನಾಗರ ಬಾಲಗಳನ್ನು ಹಿಡಿದ ಗರುಡನನ್ನು ನೋಡಬೇಕಾದರೆ ಕತ್ತೆತ್ತಲೇಬೇಕು. ಬಾದಾಮಿಯ ಒಂದನೆಯ ಗವಿಯಲ್ಲೂ ಹಾರುವ ಜೋಡಿಗಳಿರುವುದು ನೆತ್ತಿಯ ಮೇಲೆಯೇ. ಎರಡನೆಯ ಗವಿಯ ಚಾವಣಿಯಲ್ಲಂತೂ ಬೆರಗೇ ಬೆರಗು: ಹಾರುವ ಜೋಡಿಗಳ ಒಡನೆ ಒಂದು ಗಾಲಿ, ಅದರ ಅರಗಳೆಲ್ಲ ಮೀನುಗಳು, ಒಟ್ಟು 16! ತಿರುಗುವ ಗಾಲಿ, ಈಜುವ ಜೀವ, ಹಾರುವ ಮೈ ಎಲ್ಲವೂ ಒಂದೇ ಬಂಡೆಯಲ್ಲಿ.

ಇನ್ನು ಯಂತ್ರ ಬೇಕೇ? ಪಟ್ಟದಕಲ್ಲಿಗೆ ಹೋಗಿ. ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಸೀತೆಯನ್ನು ಹೊತ್ತೊಯ್ಯುವ ರಾವಣನ ಆಕಾಶರಥಕ್ಕೆ ಜಟಾಯು ಎರಗುತ್ತಾನೆ. ನಡುಬಾನಿನಲ್ಲಿ ಹಕ್ಕಿಗೂ ಹಾರುವ ರಥಕ್ಕೂ ಕಾಳಗ! ಫ್ಯೂಚರಿಸ್ಟರಿಗೆ ಹಕ್ಕಿಯಿತ್ತು, ವಿಮಾನವಿತ್ತು. ಅವೆರಡನ್ನೂ ಹೀಗೆ ಮುಖಾಮುಖಿ ನಿಲ್ಲಿಸಿದ್ದು ನಮ್ಮ ಕಲ್ಲುಕುಟಿಗ.