ಕರಗಿಸದೆ ಬಾಗಿಸಿದ ಬೆಳ್ಳಿ

'ಬಾಯಲ್ಲಿ ಬೆಳ್ಳಿಯ ಚಮಚ ಇಟ್ಟುಕೊಂಡು ಹುಟ್ಟಿದವನು' ಎಂಬ ಮಾತು ಇಂದು ಕನ್ನಡದಲ್ಲಿಯೂ ಬಳಕೆಯಲ್ಲಿದೆ. ಮಾತು ಇಂಗ್ಲಿಷಿನಿಂದ ಬಂದದ್ದು. ಚಮಚಕ್ಕೆ ಅಷ್ಟು ಮರ್ಯಾದೆ ಕೊಡುವ ರೂಢಿ ನಮ್ಮದಲ್ಲ. ನಮ್ಮ ಶಿಶುಗಳು ಹಾಲು ಕುಡಿದದ್ದು ಒಳಲೆಯಿಂದ. ದೊಡ್ಡವರು ಉಂಡದ್ದು ಕೈಯಿಂದ. ಬೆಳ್ಳಿಯ ಉದ್ಧರಣೆ ದೇವರ ಮುಂದೆ ಇರುತ್ತಿತ್ತೇ ಹೊರತು ಊಟದ ಎಲೆಯ ಬಳಿಗೆ ಬರುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. ಟ್ಯೂಡರ್ ಅರಸರ ಕಾಲಕ್ಕಾಗಲೇ ಮಗುವಿನ ನಾಮಕರಣದಂದು ಧರ್ಮಪಿತರು ಹಿಡಿಯ ತುದಿಯಲ್ಲಿ ಕ್ರಿಸ್ತನ ಶಿಷ್ಯರ ಪುಟ್ಟ ಮೂರ್ತಿಗಳಿದ್ದ ಬೆಳ್ಳಿಯ ಚಮಚಗಳನ್ನು ಉಡುಗೊರೆಯಾಗಿ ಕೊಡುತ್ತಿದ್ದರು. ಶೇಕ್ಸ್‌ಪಿಯರನ 'ಎಂಟನೆಯ ಹೆನ್ರಿ' ನಾಟಕದಲ್ಲಿ ಈ ವಾಡಿಕೆಯನ್ನು ಕುರಿತ ಹಾಸ್ಯದ ಮಾತೊಂದುಂಟು. ಹೀಗೆ ಮನೆತನದ ಸೊತ್ತಾಗಿದ್ದ ಚಮಚಗಳು ಇಂದು ಉಂಗುರಗಳೂ ಬಳೆಗಳೂ ಗೋಡೆಯ ಕೊಂಡಿಗಳೂ ಆಗುತ್ತಿವೆ. ಈ ಕಸುಬನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಊಟದ ಮೇಜಿನ ಸಾಮಗ್ರಿಗೆ ಇಂಗ್ಲೆಂಡಿನಲ್ಲಿ ಹೆಸರಾದ ಊರು ಶೆಫೀಲ್ಡ್. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ತನ್ನ 'ಕ್ಯಾಂಟರ್‌ಬರಿ ಕಥೆ'ಗಳಲ್ಲಿ ಆ ಊರಿನ ಚೂರಿಯನ್ನು ಹೆಸರಿಸಿದ್ದಾನೆ. ಅಲ್ಲಿ 1743ರ ಸುಮಾರಿಗೆ ಥಾಮಸ್ ಬೋಲ್ಸೋವರ್ ಎಂಬ ಕುಶಲಕರ್ಮಿ ತಾಮ್ರದ ಮೇಲೆ ಬೆಳ್ಳಿಯನ್ನು ಬೆಸೆದು ಒಂದೇ ತಗಡಾಗಿ ಬಡಿಯುವ ಉಪಾಯವನ್ನು ಕಂಡುಕೊಂಡ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆಯವರು ವಿದ್ಯುತ್ತಿನ ಸಹಾಯದಿಂದ ಬೆಳ್ಳಿಯ ಮುಲಾಮು ಹಾಕುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಬೆಳ್ಳಿಯ ಬೆಡಗು ಮಧ್ಯಮ ವರ್ಗದ ಮೇಜಿಗೂ ಇಳಿದು ಬಂದಿತು. ಆದರೆ 1913ರಲ್ಲಿ ಅದೇ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ. ಉಜ್ಜುವ ಕೆಲಸವಿಲ್ಲದ ಸ್ಟೀಲಿನ ಚಮಚ ಬಂದ ಮೇಲೆ, ವಾರಕ್ಕೊಮ್ಮೆ ಉಜ್ಜದಿದ್ದರೆ ಕಪ್ಪಾಗುವ ಬೆಳ್ಳಿಯ ಚಮಚಕ್ಕೆ ಯಾರು ಮಣೆ ಹಾಕುತ್ತಾರೆ? ಅವು ಮೇಜಿನ ಖಾನೆ ಸೇರಿದವು. ಆರರಲ್ಲಿ ಎರಡು ಕಳೆದವು, ಒಂದು ಸೊಟ್ಟಾಯಿತು.

ಹೀಗೆ ಮೂಲೆಗೆ ಬಿದ್ದ ಬೆಳ್ಳಿಗೆ ಕಾದಿದ್ದ ಗತಿ ಒಂದೇ: ಕುಲುಮೆ. ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನು ಭಾರಿಯಾಗಿ ಕೊಂಡು ಶೇಖರಿಸಿದ್ದರಿಂದ, 1979ರ ಆರಂಭದಲ್ಲಿ ಔನ್ಸಿಗೆ 10 ಡಾಲರಿಗಿಂತ ಕಡಿಮೆ ಇದ್ದ ಬೆಲೆ 1980ರ ಜನವರಿಯಲ್ಲಿ 50 ಡಾಲರುಗಳ ಹತ್ತಿರಕ್ಕೆ ಏರಿತು. ಆಗ ಜನ ಅಜ್ಜಿ ಮುತ್ತಜ್ಜಿಯರ ಚಮಚಗಳನ್ನು ಚೀಲದಲ್ಲಿ ತುಂಬಿ ತಂದು ತೂಕಕ್ಕೆ ಮಾರಿದರು. ಹಿಡಿಯ ಮೇಲಿನ ಬಳ್ಳಿ, ಹೂವು, ಹೆಸರಿನ ಮೊದಲಕ್ಷರ ಇವು ಯಾವುವೂ ತಕ್ಕಡಿಗೆ ಕಾಣಿಸುವುದಿಲ್ಲ. ಎಲ್ಲವೂ ಕರಗಿ ಗಟ್ಟಿಯಾದವು.

ಚಮಚದ ಉಂಗುರದ ಬೆಲೆ ತಿಳಿಯುವುದು ಇಲ್ಲಿ. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದ ಯುವಜನರಲ್ಲಿ ಈ ಉಂಗುರ ಮೆಚ್ಚಿಗೆಯ ಆಭರಣವಾಗಿತ್ತು. ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥದೊಂದನ್ನು ತೊಟ್ಟಿದ್ದಳು. "ಒಳಗಡೆ ನೋಡಿ, ಮೇಷ್ಟ್ರೆ" ಎಂದು ತೆಗೆದುಕೊಟ್ಟಳು. ಹೊರಗೆ ಹೂಬಳ್ಳಿ, ಒಳಗೆ, ಬೆರಳಿಗೆ ತಾಗುವ ಕಡೆ, ಸಾಲಾಗಿ ಪುಟ್ಟ ಮುದ್ರೆಗಳು. ನಡೆಯುವ ಸಿಂಹವಿದ್ದರೆ 1000 ಪಾಲಿನಲ್ಲಿ 925 ಪಾಲು ಶುದ್ಧ ಬೆಳ್ಳಿ ಎಂದರ್ಥ. ಸಿಂಹಮುದ್ರೆ 1544ರಿಂದ ಇದೆ. ಲಂಗರು ಬರ್ಮಿಂಗ್‌ಹ್ಯಾಮಿನ ಗುರುತು. ಶೆಫೀಲ್ಡಿನದು ಮೊದಲು ಕಿರೀಟ, 1975ರಿಂದ ಗುಲಾಬಿ. ಈ ಎರಡು ಊರುಗಳಿಗೂ ಬೆಳ್ಳಿಯನ್ನು ಒರೆ ಹಚ್ಚಿ ಮುದ್ರೆಯೊತ್ತುವ ಅಧಿಕಾರ ದೊರೆತದ್ದು 1773ರಲ್ಲಿ. ಇನ್ನೊಂದು ಅಕ್ಷರ ವರ್ಷವನ್ನು ಹೇಳುತ್ತದೆ. ಶಾಸನಗಳನ್ನು ಓದಿ ಅಭ್ಯಾಸವಾದವರಿಗೆ ಇದು ಬೆರಳಿನ ಗಾತ್ರದ ಒಂದು ಶಾಸನವೇ ಸರಿ.

ಮಾಡುವ ಬಗೆ ಸರಳ, ಆದರೆ ತಾಳ್ಮೆ ಬೇಡುವಂಥದು. ಬೆರಳಿನ ಸುತ್ತಳತೆಗಿಂತ ತುಸು ಹೆಚ್ಚು ಉದ್ದಕ್ಕೆ ಹಿಡಿಯನ್ನು ಗರಗಸದಿಂದ ಕೊಯ್ದು, ಅಂಚನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಅಪ್ಪಟ ಬೆಳ್ಳಿಯಾದರೆ ಮಂಕುಗೆಂಪು ಬಣ್ಣಕ್ಕೆ ಬರುವವರೆಗೆ ಕಾಸಿ ನೀರಿನಲ್ಲಿ ಅದ್ದುತ್ತಾರೆ. ಉಕ್ಕು ಹೀಗೆ ಮಾಡಿದರೆ ಗಡುಸಾಗುತ್ತದೆ, ಬೆಳ್ಳಿ ಮೆತ್ತಗಾಗುತ್ತದೆ. ಬಳಿಕ, ಒಂದು ಕಡೆಗೆ ಸಣ್ಣದಾಗುತ್ತ ಹೋಗುವ ಉಕ್ಕಿನ ದುಂಡುಕೋಲಿನ ಮೇಲೆ ಇಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಬಾಗಿಸುತ್ತಾರೆ. ಕಬ್ಬಿಣದ ಸುತ್ತಿಗೆ ಕೂಡದು. ಅದು ಕೆತ್ತನೆಯನ್ನು ಅಳಿಸಿಬಿಡುತ್ತದೆ. ತಟ್ಟುತ್ತ ಹೋದಂತೆ ಬೆಳ್ಳಿ ಮತ್ತೆ ಬಿರುಸಾಗಿ ತನ್ನ ಹೊಸ ಆಕಾರದಲ್ಲಿ ನಿಲ್ಲುತ್ತದೆ.

ಮಿಕ್ಕ ಭಾಗಗಳೂ ವ್ಯರ್ಥವಲ್ಲ. ಚಮಚದ ಬಟ್ಟಲನ್ನು ಚಪ್ಪಟೆ ಮಾಡಿ ಗಿಡದ ಹೆಸರನ್ನು ಅಚ್ಚೊತ್ತಿದರೆ ಕುಂಡದಲ್ಲಿ ನೆಡುವ ಫಲಕವಾಗುತ್ತದೆ. ಫೋರ್ಕಿನ ಮುಳ್ಳುಗಳನ್ನು ಸುರುಳಿ ಸುತ್ತಿದರೆ ಚಿತ್ರ ನಿಲ್ಲಿಸುವ ಪೀಠ. ಇಡೀ ಫೋರ್ಕನ್ನು ಬಾಗಿಸಿದರೆ ಬಳೆ. ಹಲಗೆಗೆ ಬಡಿದರೆ ಅಂಗಿ ತೂಗುಹಾಕುವ ಕೊಂಡಿ. ನಾಲ್ಕಾರನ್ನು ದಾರದಲ್ಲಿ ಇಳಿಬಿಟ್ಟರೆ ಗಾಳಿಗೆ ಕಿಣಿಕಿಣಿ ನುಡಿಯುತ್ತವೆ.

ಕೆಲವು ಎಚ್ಚರಿಕೆಗಳೂ ಅವಶ್ಯ. ಬೆಳ್ಳಿಯಂತೆ ಹೊಳೆಯುವುದೆಲ್ಲ ಬೆಳ್ಳಿಯಲ್ಲ. 'ಇ.ಪಿ.ಎನ್.ಎಸ್.' ಎಂಬ ಅಕ್ಷರಗಳಿದ್ದರೆ ಒಳಗಿರುವುದು ನಿಕಲ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ನಿಕಲ್, ಸತುವುಗಳ ಮಿಶ್ರಣ; ಬೆಳ್ಳಿ ಮೇಲಿನ ತೆಳುವಾದ ಮುಲಾಮಿನಲ್ಲಿ ಮಾತ್ರ. ಕಾಸಿದರೆ ಮುಲಾಮು ಕೆಡುವುದರಿಂದ ಇದನ್ನು ತಣ್ಣಗಿರುವಾಗಲೇ ಬಾಗಿಸಬೇಕು. ಮುಲಾಮು ಸವೆದರೆ ನಿಕಲ್ ಚರ್ಮಕ್ಕೆ ತಾಗಿ ಕೆಲವರಿಗೆ ತುರಿಕೆ, ಗಂದೆ ಏಳುತ್ತದೆ. ಮೈಗೆ ತಾಗುವ ಒಡವೆಗಳಲ್ಲಿ ನಿಕಲ್ಲಿಗೆ ಮಿತಿ ಹಾಕಿ ಯೂರೋಪಿನ ಒಕ್ಕೂಟವು 1994ರಲ್ಲಿ ನಿಯಮ ಮಾಡಿದ್ದು ಇದಕ್ಕಾಗಿಯೇ. ಹಳೆಯ ಚೂರಿಗಳ ಹಿಡಿ ಎಷ್ಟೋ ವೇಳೆ ಟೊಳ್ಳು. ಒಳಗೆ ರಾಳದಂಥ ವಸ್ತು ತುಂಬಿರುತ್ತದೆ. ಅದನ್ನು ಬೆಂಕಿಗೆ ಹಿಡಿದರೆ ಸಿಡಿಯಬಹುದು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ವಿವೇಕದ್ದು. ಪೂರ್ಣವಾಗಿ ಉಳಿದಿರುವ ಹಳೆಯ ಜೋಡಣೆಯನ್ನಾಗಲಿ, ಅಪರೂಪದ ಮುದ್ರೆಯುಳ್ಳ ಚಮಚವನ್ನಾಗಲಿ ಕೊಯ್ಯುವುದು ತಾಳೆಗರಿಯ ಕಟ್ಟನ್ನು ಬಿಚ್ಚಿ ಬೀಸಣಿಗೆ ಮಾಡಿದಂತೆ. ಗರಗಸ ಹಿಡಿಯುವ ಮೊದಲು ಮುದ್ರೆ ಓದಬೇಕು. ಒಂಟಿಯಾಗಿ ಉಳಿದದ್ದು, ಬಟ್ಟಲು ಸವೆದದ್ದು, ಸೊಟ್ಟಾದದ್ದು ಈ ಕಸುಬಿಗೆ ತಕ್ಕ ಸಾಮಗ್ರಿ.

ನಮ್ಮಲ್ಲಿ ಹಳೆಯ ಬೆಳ್ಳಿಯನ್ನು ಅಕ್ಕಸಾಲಿಗನಿಗೆ ಕೊಟ್ಟು, ತೇಮಾನು ಕಳೆದು, ಹೊಸದನ್ನು ಮಾಡಿಸುವುದು ರೂಢಿ. ಅಜ್ಜಿಯ ಕಡಗ ಮೊಮ್ಮಗನ ಒಳಲೆಯಾಗುತ್ತದೆ. ತೂಕ ಉಳಿಯುತ್ತದೆ, ಕಡಗ ಉಳಿಯುವುದಿಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ಮಗನಿಗೆ ಮಣ್ಣು, ಚಿನ್ನ, ಉಗುರು ಕತ್ತರಿಯ ದೃಷ್ಟಾಂತಗಳನ್ನು ಕೊಟ್ಟು, ವಸ್ತುವೇ ಸತ್ಯ, ಆಕಾರ ಬರಿಯ ಹೆಸರು ಎಂದು ತಿಳಿಸುತ್ತಾನೆ. ತತ್ತ್ವಕ್ಕೆ ಅದು ಒಪ್ಪುವ ಮಾತು. ಆದರೆ ಮನುಷ್ಯರ ನೆನಪು ಅಂಟಿಕೊಂಡಿರುವುದು ಆ ಹೆಸರಿಗೆ, ಆ ಆಕಾರಕ್ಕೆ. ಭಾಷೆಯಲ್ಲಿ ಕೆಲಸ ಮಾಡಿದವನಾಗಿ ನನಗೆ ಇದು ಹೊಸ ಸಂಗತಿಯಲ್ಲ. 'ಒರೆಗೆ ಹಚ್ಚುವುದು', 'ಪುಟಕ್ಕೆ ಹಾಕುವುದು' ಎಂಬ ಅಕ್ಕಸಾಲೆಯ ಮಾತುಗಳನ್ನು ಇಂದು ನಾವು ಮನುಷ್ಯನ ಗುಣಕ್ಕೆ ಹೇಳುತ್ತೇವೆ. ಬಳಕೆ ಬದಲಾಯಿತು, ಪದದ ಮೈ ಹಾಗೆಯೇ ಇದೆ. ಆದ್ದರಿಂದಲೇ ಆ ಮಾತು ಕೇಳಿದಾಗ ಒರೆಗಲ್ಲೂ ಕುಲುಮೆಯೂ ಕಣ್ಣ ಮುಂದೆ ಬರುತ್ತವೆ. ಭಾಷೆ ತನ್ನ ಹಳೆಯ ಪದಗಳನ್ನು ಕರಗಿಸುವುದಿಲ್ಲ, ಬಾಗಿಸುತ್ತದೆ. ಉಣ್ಣುವವರಿಲ್ಲದ ಚಮಚಕ್ಕೂ ಅಷ್ಟು ಉಪಕಾರ ಸಲ್ಲಬೇಕಾದದ್ದೇ.