ಅರಳಿ ಕಟ್ಟೆಗೆ ಯಜಮಾನ ಯಾರು?

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕಾಗಿಣಾ ದಂಡೆಯ ಈ ಊರಿಗೆ ಭಕ್ತರು ಬರುವುದು ಇನ್ನೊಂದು ಕಾರಣಕ್ಕೆ: ಮಾಧ್ವ ಯತಿ ಟೀಕಾಚಾರ್ಯ ಜಯತೀರ್ಥರ ವೃಂದಾವನ. ಮೂಲ ವೃಂದಾವನ ಇದೇ ಎಂದು ಒಂದು ಮಠದವರು, ಅದು ಆನೆಗೊಂದಿಯ ನವವೃಂದಾವನದಲ್ಲಿದೆ ಎಂದು ಇನ್ನೊಂದು ಮಠದವರು ವಾದಿಸುತ್ತ ಬಂದಿದ್ದಾರೆ.

ಕೊಡ್ಲಿಯ ಮಾಸ್ತರರೊಬ್ಬರು ವಿಕಿಪೀಡಿಯದಲ್ಲಿ ಈ ಬಗ್ಗೆ ಒಂದು ಸಾಲು ತಿದ್ದಿದರೆನ್ನಿ. ರಾತ್ರಿ ಊಟ ಮುಗಿಸಿ ನೋಡಿದರೆ ಸಾಲು ಮೊದಲಿನಂತೆಯೇ ಇದೆ. ಮತ್ತೆ ತಿದ್ದುತ್ತಾರೆ, ಮತ್ತೆ ಯಾರೋ ಅಳಿಸುತ್ತಾರೆ. ಮೂರನೇ ದಿನ, ತಿದ್ದಲಾಗದಂತೆ ಪುಟಕ್ಕೇ ಬೀಗ.

ಬೀಗ ಹಾಕಿದವರು ಯಾವ ಕಂಪನಿಯ ನೌಕರರೂ ಅಲ್ಲ, ಮಾಸ್ತರರಂತೆಯೇ ಸಂಬಳವಿಲ್ಲದೆ ಬರೆಯುವ ಒಬ್ಬ ‘ನಿರ್ವಾಹಕ’. ಪುಟ ಅಳಿಸುವುದು, ಬೀಗ ಹಾಕುವುದು, ಹದ್ದು ಮೀರಿದವರನ್ನು ತಡೆಯುವುದು ಇವರ ಅಧಿಕಾರ. ಸಮುದಾಯದ ಒಪ್ಪಿಗೆಯಿಂದ ಇದು ಸಿಗುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇಂಥ ಮಾತುಕತೆ ನಡೆಯುವ ಜಾಗದ ಹೆಸರೇ ‘ಅರಳಿ ಕಟ್ಟೆ’. ಊರಿನ ಕಟ್ಟೆಯಂತೆ ಇಲ್ಲೂ ಹಳಬರ ಮಾತಿಗೆ ತೂಕ ಹೆಚ್ಚು. ವರ್ಷಗಟ್ಟಲೆ ದುಡಿದವರಿಗೆ ಆ ಮರ್ಯಾದೆ ಸಲ್ಲಲೇಬೇಕು. ಆದರೆ ಕಟ್ಟೆಯ ಮೇಲೆ ನಾಲ್ಕೇ ಜನ ಉಳಿದರೆ ಆ ಮರ್ಯಾದೆ ಯಜಮಾನಿಕೆಗೆ ತಿರುಗುವುದು ಸುಲಭ.

ಕ್ರೊಯೇಷಿಯನ್ ಭಾಷೆಯ ವಿಕಿಪೀಡಿಯದಲ್ಲಿ ಆದದ್ದು ಅದೇ. ಉಗ್ರ ರಾಷ್ಟ್ರೀಯವಾದಿಗಳ ಸಣ್ಣ ಗುಂಪೊಂದು ನಿರ್ವಾಹಕ ಸ್ಥಾನಗಳನ್ನು ಹಿಡಿದು, ಎರಡನೇ ಮಹಾಯುದ್ಧದ ಇತಿಹಾಸವನ್ನು ತನಗೆ ಬೇಕಾದಂತೆ ತಿರುಚಿತು. ಪ್ರಶ್ನಿಸಿದವರನ್ನು ಹೊರಗಟ್ಟಿತು. 2013ರಲ್ಲಿ ಕ್ರೊಯೇಷಿಯದ ಶಿಕ್ಷಣ ಸಚಿವರೇ, ಅದನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಬೇಕಾಯಿತು. ಒಬ್ಬರೇ ಹಲವು ಹೆಸರುಗಳಲ್ಲಿ ಖಾತೆ ತೆರೆದು ಮತ ಹಾಕುತ್ತಿದ್ದುದನ್ನೂ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2021ರಲ್ಲಿ ಪ್ರಕಟಿಸಿದ ವರದಿ ಬಯಲಿಗೆಳೆಯಿತು. ಇದು ನಿಲ್ಲಲು ಹತ್ತಿರಹತ್ತಿರ ಒಂದು ದಶಕ ಹಿಡಿಯಿತು.

ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಕತೆಯಲ್ಲಿ ದುರುದ್ದೇಶವೇ ಇರಲಿಲ್ಲ. ಭಾಷೆ ಸರಿಯಾಗಿ ಬಾರದ ಅಮೆರಿಕದ ಹುಡುಗನೊಬ್ಬ ಹನ್ನೆರಡರ ವಯಸ್ಸಿನಲ್ಲಿ ಉತ್ಸಾಹದಿಂದ ಬರೆಯಲು ಕೂತ. ಸಾವಿರಾರು ಲೇಖನ ಬರೆದ, ನಿರ್ವಾಹಕನೂ ಆದ. ತಪ್ಪು ದೊಡ್ಡದಾಗಿ ಸುದ್ದಿಯಾದದ್ದು 2020ರಲ್ಲಿ. ಜಗತ್ತು ಹುಡುಗನ ಮೇಲೆ ಮುಗಿಬಿತ್ತು. ಅಷ್ಟು ವರ್ಷ ಓದಿ ತಿದ್ದುವ ಸ್ಕಾಟ್ಸ್ ಮಾತುಗಾರರು ಎಲ್ಲಿದ್ದರು ಎಂಬುದೇ ಕೇಳಬೇಕಾದ ಪ್ರಶ್ನೆ.

ಹಾಗೆಂದು ಮೇಲಿನವರು ಬಂದು ನ್ಯಾಯ ಹೇಳಿದರೆ ಜಗಳ ತೀರುತ್ತದೆಯೇ? 2019ರಲ್ಲಿ ಇಂಗ್ಲಿಷ್ ವಿಕಿಪೀಡಿಯದ ನಿರ್ವಾಹಕರೊಬ್ಬರನ್ನು ಫೌಂಡೇಶನ್ ತಾನಾಗಿ ಒಂದು ವರ್ಷ ಹೊರಗಿಟ್ಟಿತು. ಸಮುದಾಯವನ್ನು ಕೇಳಲಿಲ್ಲವೆಂದು ಇಪ್ಪತ್ತಕ್ಕೂ ಹೆಚ್ಚು ನಿರ್ವಾಹಕರು ಹುದ್ದೆ ಬಿಟ್ಟರು. ಕೊನೆಗೆ ಸ್ವಯಂಸೇವಕರೇ ಆರಿಸಿದ ಪಂಚಾಯ್ತಿ ಆ ನಿಷೇಧವನ್ನು ರದ್ದು ಮಾಡಿತು. ನಿಷೇಧಕ್ಕೊಳಗಾಗಿದ್ದವರ ನಿರ್ವಾಹಕ ಅಧಿಕಾರವನ್ನು ಮಾತ್ರ ಮರಳಿಸಲಿಲ್ಲ.

ಕನ್ನಡದವರಿಗೂ ಹೊರಗಿನ ಕೈಯ ಅನುಭವವಿದೆ. ಸುಮಾರು 2009ರಿಂದ 2011ರವರೆಗೆ ಗೂಗಲ್ ಸಂಬಳದ ಅನುವಾದಕರನ್ನು ಇಟ್ಟು ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು ಮುಂತಾದ ಭಾಷೆಗಳಿಗೆ ತರಿಸಿತು. ಲೇಖನಗಳ ಸಂಖ್ಯೆ ಏರಿತು, ಕನ್ನಡ ಕನ್ನಡದಂತಿರಲಿಲ್ಲ. ತಿದ್ದುವ ಹೊರೆ ಬಿದ್ದದ್ದು ಬೆರಳೆಣಿಕೆಯ ಸ್ವಯಂಸೇವಕರ ಮೇಲೆ.

ಇನ್ನು ನಮ್ಮ ಮಾಸ್ತರರು. ಬೀಗ ಬಿದ್ದ ಪುಟಕ್ಕೂ ‘ಇತಿಹಾಸ’ ಎಂಬ ಕೊಂಡಿ ಇರುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ ಯಾವ ಪದ ಬದಲಿಸಿದರು ಎಂಬುದೆಲ್ಲ ಅಲ್ಲಿದೆ; ಬೀಗ ಹಾಕಿದವರ ಹೆಸರೂ ಇದೆ. ಪಕ್ಕದಲ್ಲೇ ಚರ್ಚೆಯ ಪುಟ. ಅಲ್ಲಿ ಅವರು ಎರಡೂ ಮಠಗಳ ವಾದವನ್ನು, ಯಾವ ಪುಸ್ತಕದ ಎಷ್ಟನೇ ಪುಟದಲ್ಲಿದೆ ಎಂಬುದರ ಸಮೇತ ಬರೆದು, ಬೀಗ ತೆಗೆಯಿರಿ ಎಂದು ಕೇಳಬಹುದು. ಉತ್ತರ ಬಾರದಿದ್ದರೆ ಅರಳಿ ಕಟ್ಟೆಗೆ ಹೋಗಬಹುದು. ಅಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿಯಿಂದ ಇನ್ನೂ ನಾಲ್ಕು ಜನ ಬಂದು ಕೂತಿದ್ದರೆ, ಮಾಸ್ತರರ ಮಾತು ಬೇಗ ಕೇಳಿಸೀತು.